ಎಲಿಜಬೆತ್ ಯಾರ ಮಗಳು?

ಗೆಳೆಯಾ,

ಹೋದ ಸಲ ಫೋನಿನಲ್ಲಿ ಅರ್ಧಕ್ಕೇ ನಿಂತ ಮಾತು ಇದು. ನನ್ನ ಮೊಮ್ಮಗಳ ತಾಯಿಯ ಕಡೆಯ ಮನೆತನ ಮೇಫ್ಲವರ್ ಹಡಗಿನ ತನಕ ಹೋಗುತ್ತದೆ ಅಂತ ನಾನು ಅಂದಾಗ, ನಾಲ್ಕು ನೂರು ವರ್ಷದ ಹಿಂದಿನದು ಹೇಗೋ ಗೊತ್ತಾಗುತ್ತದೆ ಅಂತ ನೀನು ಕೇಳಿದ್ದೆ. ಈ ಚಳಿಗಾಲ ಪೂರ್ತಿ ಸೊಸೆಯ ಜೊತೆ ಕೂತು ಅದನ್ನೇ ಓದಿದೆ.

ಅವರ ಹಿರಿಯನ ಹೆಸರು ಜಾನ್ ಹೌಲೆಂಡ್. 1620ರಲ್ಲಿ ಆ ಹಡಗಿನಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ನೆಲೆಸಲು ಹೊರಟ 102 ಜನರಲ್ಲಿ ಒಬ್ಬ, ಮುಂದೆ ಅಲ್ಲಿ ಗವರ್ನರ್ ಆದ ಜಾನ್ ಕಾರ್ವರ್ ಎಂಬವರ ಮನೆಯ ಆಳು. ಬಿರುಗಾಳಿಯಲ್ಲಿ ಹಡಗು ಹೊಯ್ದಾಡುವಾಗ ಮೇಲೆ ಬಂದವನು ಸಮುದ್ರಕ್ಕೆ ಬಿದ್ದುಬಿಟ್ಟ. ಹಾಯಿಯ ಹಗ್ಗವೊಂದು ನೀರಿನಲ್ಲಿ ಜೋತು ಬರುತ್ತಿತ್ತು, ಅದು ಕೈಗೆ ಸಿಕ್ಕಿತು. ನೀರಿನೊಳಗೆ ಆಳಕ್ಕೆ ಹೋದರೂ ಬಿಡಲಿಲ್ಲ. ಮೇಲಿದ್ದವರು ಎಳೆದು, ಕೊಕ್ಕೆ ಹಾಕಿ ಹತ್ತಿಸಿಕೊಂಡರು. ಇದನ್ನು ಬರೆದಿಟ್ಟವರು ಅದೇ ಹಡಗಿನಲ್ಲಿದ್ದ ವಿಲಿಯಂ ಬ್ರಾಡ್‌ಫರ್ಡ್. ಮೊಮ್ಮಗಳಿಗೆ ಹೇಳಿದಾಗ, ಹಗ್ಗ ಎಷ್ಟು ದಪ್ಪ ಇತ್ತು ತಾತ ಅಂತ ಕೇಳಿದಳು.

ಆದರೆ ನನ್ನ ಮನಸ್ಸು ನಿಂತದ್ದು ಅವನ ಹೆಂಡತಿಯ ಹತ್ತಿರ. ಎಲಿಜಬೆತ್. ಅದೇ ಹಡಗಿನಲ್ಲಿ ಬಂದವಳು, ಆಗ ಸುಮಾರು ಹದಿಮೂರು ವರ್ಷ. ಮೊದಲ ಚಳಿಗಾಲದಲ್ಲಿ ಬಂದವರಲ್ಲಿ ಹತ್ತಿರ ಹತ್ತಿರ ಅರ್ಧ ಜನ ಸತ್ತರು. ಅವಳ ಅಪ್ಪ, ಅಮ್ಮ, ಚಿಕ್ಕಪ್ಪ, ಚಿಕ್ಕಮ್ಮ ಎಲ್ಲರೂ ಹೋದರು. ಆ ವಯಸ್ಸಿನ ಹುಡುಗಿ, ಗೊತ್ತಿಲ್ಲದ ನೆಲ, ಯಾರೂ ಇಲ್ಲ. ಮುಂದೆ ಹೌಲೆಂಡ್‌ನನ್ನು ಮದುವೆಯಾದಳು. ಹತ್ತು ಮಕ್ಕಳು, ಹತ್ತೂ ಬದುಕಿ ದೊಡ್ಡವರಾದವು. ಆ ಕಾಲದಲ್ಲಿ ಅದು ಸಣ್ಣ ಮಾತಲ್ಲ ಕಣೋ.

ಇಷ್ಟಾದರೂ ಅವಳು ಯಾರ ಮಗಳು ಅನ್ನುವುದೇ ಮರೆತುಹೋಗಿತ್ತು. 1836ರಲ್ಲಿ ವಂಶದವರು, ಹಡಗಿನವರು ನೆಲೆಸಿದ ಪ್ಲಿಮತ್ ಊರಿನ ಗುಡ್ಡದ ಮೇಲೆ ಹೌಲೆಂಡ್‌ಗೆ ಒಂದು ಕಲ್ಲು ನಿಲ್ಲಿಸಿ, ಅವನು ಗವರ್ನರ್ ಕಾರ್ವರ್ ಅವರ ಮಗಳನ್ನು ಮದುವೆಯಾದ ಅಂತ ಕೆತ್ತಿಸಿದರು. ಮನೆಮಂದಿಯೆಲ್ಲ ಹಾಗೇ ನಂಬಿದ್ದರು. ಬ್ರಾಡ್‌ಫರ್ಡ್ ಬರೆದಿಟ್ಟ ಆ ಕೈಬರಹ ಅಮೆರಿಕದಿಂದ ಕಾಣೆಯಾಗಿತ್ತು, ಅದು 1850ರ ದಶಕದಲ್ಲಿ ಲಂಡನ್ನಿನ ಬಿಷಪ್ಪರ ಗ್ರಂಥಾಲಯದಲ್ಲಿ ಸಿಕ್ಕಿತು. ಅದರಲ್ಲಿ ಸ್ಪಷ್ಟವಾಗಿ ಇತ್ತು: ಅವಳು ಜಾನ್ ಟಿಲ್ಲಿಯ ಮಗಳು. ಇಂಗ್ಲೆಂಡಿನ ಹೆನ್ಲೋ ಎಂಬ ಊರಿನ ಚರ್ಚಿನ ದಾಖಲೆಯಲ್ಲಿ 1607ರ ಆಗಸ್ಟ್‌ನಲ್ಲಿ ಅವಳಿಗೆ ಜ್ಞಾನಸ್ನಾನ ಆದದ್ದೂ ಇದೆ. ಇನ್ನೂರು ವರ್ಷಕ್ಕೂ ಜಾಸ್ತಿ ಆದ ಮೇಲೆ ಅವಳ ಅಪ್ಪ ಅವಳಿಗೆ ವಾಪಸ್ ಸಿಕ್ಕ.

ಇನ್ನೊಂದು ಕಾಗದ ನಿನಗೆ ಖಂಡಿತ ಇಷ್ಟವಾಗುತ್ತದೆ. 1627ರಲ್ಲಿ ಊರಿನ ದನಗಳನ್ನು ಪಾಲು ಮಾಡಿದರು, ಹದಿಮೂರು ಹದಿಮೂರು ಜನಕ್ಕೆ ಒಂದು ಪಾಲು. ಯಾರ್‍ಯಾರು ಯಾವ ಪಾಲಿಗೆ ಅಂತ ಮಕ್ಕಳ ಹೆಸರೂ ಬಿಡದೆ ಬರೆದರು, ಹಾಗಾಗಿ ಅದೇ ಈಗ ಜನಗಣತಿ ಇದ್ದ ಹಾಗೆ. ಹೌಲೆಂಡ್, ಎಲಿಜಬೆತ್, ಮಗ ಜಾನ್, ಮಗಳು ಡಿಸೈರ್ ಇದ್ದ ಪಾಲಿಗೆ ಬಂದ ಕಡಸಿನ ಹೆಸರು ರ್‍ಯಾಗ್‌ಹಾರ್ನ್. ಕೊಂಬು ನೋಡಿ ಇಟ್ಟ ಹೆಸರೇ ಇರಬೇಕು. ನಿಮ್ಮ ಹಟ್ಟಿಯ ಮುರುಗೋಡಿ ನೆನಪಾಯಿತು.

ಒಂದು ವಿಷಯ ಮಾತ್ರ ಸೊಸೆಗೂ ನನಗೂ ಭಾರವಾಯಿತು. ಇವರು ಬಂದು ನೆಲೆಸಿದ ಜಾಗ ಮೊದಲು ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ಪಟುಕ್ಸೆಟ್ ಊರು, ಸ್ವಲ್ಪ ವರ್ಷದ ಹಿಂದೆ ಬಂದ ರೋಗದಲ್ಲಿ ಖಾಲಿಯಾಗಿತ್ತು. 1675ರಲ್ಲಿ ಆ ಜನರಿಗೂ ವಲಸೆ ಬಂದವರಿಗೂ ಯುದ್ಧವಾಯಿತು. ವಾಂಪನೋಗ್ ನಾಯಕ ಮೆಟಾಕಮ್‌ನನ್ನು ಕೊಂದು ತಲೆಯನ್ನು ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿದರು, ಅದು ವರ್ಷಗಟ್ಟಲೆ ಅಲ್ಲೇ ಇತ್ತು. ಎಲಿಜಬೆತ್‌ಳ ಮಗ ಜೇಬೆಜ್ ಆ ಯುದ್ಧದಲ್ಲಿ ಇದ್ದ. ಆಮೇಲೆ ಮೆಟಾಕಮ್‌ನ ನೆಲದಲ್ಲಿ ಕಟ್ಟಿದ ಬ್ರಿಸ್ಟಲ್ ಊರಿಗೇ ಹೋಗಿ ನೆಲೆಸಿದ. ವಂಶಾವಳಿ ಬರೆಯುವಾಗ ಇದನ್ನೂ ಬರೆಯಬೇಕು ಅಂತ ಸೊಸೆ ಹಟ ಹಿಡಿದಳು. ಬರೆದಿದ್ದೇವೆ.

ಪ್ಲಿಮತ್‌ನಲ್ಲಿ ಜೇಬೆಜ್‌ನ ಹಳೆಯ ಮನೆ ಈಗಲೂ ನಿಂತಿದೆ. ವಯಸ್ಸಾದ ಮೇಲೆ ಎಲಿಜಬೆತ್ ಅಲ್ಲಿದ್ದಳು. ಕೊನೆಗೆ 1687ರಲ್ಲಿ ಮಗಳು ಲಿಡಿಯಾಳ ಮನೆಯಲ್ಲಿ ತೀರಿಕೊಂಡಳು.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ಮೊಮ್ಮಗಳ ಹಾಳೆಯಲ್ಲಿ ನಮ್ಮ ಕಡೆ ನನ್ನ ಮುತ್ತಜ್ಜನಿಗೇ ನಿಂತಿದೆ. ಸುಗ್ಗಿ ಮುಗಿದ ಮೇಲೆ ಊರಿಗೆ ಹೆಳವರು ಬರುತ್ತಿದ್ದರಲ್ಲ, ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತಾ, ಮನೆತನದ ಹಿರಿಯರ ಹೆಸರನ್ನೆಲ್ಲ ಹೇಳುತ್ತಾ? ಈ ಸಲ ಬಂದರೆ ನಮ್ಮ ಮನೆತನದ್ದು ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡು. ಅವರಿಗೆ ಕೊಡಬೇಕಾದ ಕಾಳು, ದುಡ್ಡು ನನ್ನ ಲೆಕ್ಕಕ್ಕೆ. ಗಂಡಸರ ಹೆಸರು ಮುಗಿದ ಮೇಲೆ ಸುಮ್ನೆ ಬಿಡಬೇಡ. ನನ್ನ ಮುತ್ತಜ್ಜಿಯ ಹೆಸರು ಏನು, ತವರು ಯಾವುದು, ಅವಳು ಯಾರ ಮಗಳು ಅಂತ ಕೇಳು.

ನಿನ್ನ
ಗೆಳೆಯ