ಮರ ಕತ್ತರಿಸುವ ಮೊದಲೇ ಶಿಕ್ಷಕರನ್ನು ಕೇಳಿ

ಮಾನ್ಯ ಸಂಪಾದಕರೇ,

ಶಾಲೆಗಳ ತಂತ್ರಜ್ಞಾನ ವಿಭಾಗಕ್ಕೆ ಮಾಸ್ ಟಿಂಬರ್‌ನಲ್ಲಿ, ಅಂದರೆ ಹಲಗೆಗಳನ್ನು ಅಂಟಿಸಿ ಮಾಡಿದ ದಪ್ಪ ಮರದ ಫಲಕ, ತೊಲೆಗಳಲ್ಲಿ, ಕಟ್ಟಡ ಕಟ್ಟುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ನಾನು ಶಾಲೆಯ ವರ್ಕ್‌ಶಾಪ್‌ನಲ್ಲಿ ಮಕ್ಕಳಿಗೆ ಮರಗೆಲಸ, ಯಂತ್ರದ ಕೆಲಸ ಕಲಿಸುವವನು. ಇಂಥ ಕಟ್ಟಡಗಳು ಬರಲೇಬೇಕು ಎಂದು ಬಯಸುವವನು. ಆದರೆ ಲೇಖನದಲ್ಲಿ ಒಂದು ಮಾತು ಬಿಟ್ಟುಹೋಗಿದೆ. ಒಳಗೆ ನಿಂತು ಪಾಠ ಮಾಡುವವರನ್ನು ಯಾವಾಗ ಕೇಳಬೇಕು ಎನ್ನುವುದೇ ಆ ಮಾತು.

ಮಾಸ್ ಟಿಂಬರ್ ಎಂದರೆ ಹಳೆಯ ತೊಲೆ-ಹಲಗೆಯ ಮನೆಯಲ್ಲ. ಹಲಗೆಗಳನ್ನು ಒಂದು ಪದರ ಉದ್ದಕ್ಕೆ, ಇನ್ನೊಂದು ಅಡ್ಡಕ್ಕೆ ಇಟ್ಟು, ಅಂಟು ಹಾಕಿ ಒತ್ತಿದರೆ ಸಿಎಲ್‌ಟಿ ಎಂಬ ದಪ್ಪ ಫಲಕ ಸಿಗುತ್ತದೆ. ಎಲ್ಲ ಪದರವನ್ನೂ ಒಂದೇ ದಿಕ್ಕಿಗೆ ಅಂಟಿಸಿದರೆ ಗ್ಲೂಲಾಮ್ ತೊಲೆ. ಇವೆಲ್ಲ ಕಾರ್ಖಾನೆಯಲ್ಲೇ ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಂಡು ಬರುತ್ತವೆ. ಜಾಗದಲ್ಲಿ ಕ್ರೇನ್‌ನಿಂದ ಇಳಿಸಿ ಸ್ಕ್ರೂ ಬಿಗಿದು ನಿಲ್ಲಿಸುತ್ತಾರೆ. ಕೆನಡಾದ ವ್ಯಾಂಕೂವರ್‌ನಲ್ಲಿ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯ ಬ್ರಾಕ್ ಕಾಮನ್ಸ್ 2017ರಲ್ಲಿ ತೆರೆಯಿತು. 18 ಅಂತಸ್ತು. ನೆಲಮಹಡಿ ಮತ್ತು ಮೆಟ್ಟಿಲು-ಲಿಫ್ಟಿನ ಗೋಡೆಗಳು ಮಾತ್ರ ಕಾಂಕ್ರೀಟಿನವು. ಉಳಿದ ಮರದ ಚೌಕಟ್ಟು, ಭಾಗಗಳು ಬಂದಿಳಿದ ಮೇಲೆ 70 ದಿನದೊಳಗೆ ಎದ್ದು ನಿಂತಿತು. ಸದ್ದು, ದೂಳು ಕಡಿಮೆ, ಕೆಲಸ ಬೇಗ. ಪಕ್ಕದಲ್ಲೇ ತರಗತಿ ನಡೆಯುವ ಶಾಲೆಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು?

ಆ ವೇಗ ಬರುವುದು ಎಲ್ಲವನ್ನೂ ಮೊದಲೇ ತೀರ್ಮಾನಿಸುವುದರಿಂದ. ತೊಂದರೆ ಹುಟ್ಟುವುದೂ ಅಲ್ಲೇ. ತಂತ್ರಜ್ಞಾನದ ಕೋಣೆ ಸಾಮಾನ್ಯ ತರಗತಿಯಲ್ಲ. ಗರಗಸದ ದೂಳು ಎಳೆಯುವ ದಪ್ಪ ಕೊಳವೆ ಬೇಕು. ಲೇಸರ್ ಕಟರ್‌ನ ಹೊಗೆ ಹೊರಗೆ ಹೋಗಬೇಕು. ಕಂಪ್ರೆಸರ್‌ನ ಗಾಳಿ, ತ್ರೀ ಫೇಸ್ ಕರೆಂಟು, ನೆಟ್‌ವರ್ಕ್ ಕೇಬಲ್ಲು ಎಲ್ಲವೂ ಗೋಡೆ, ತೊಲೆ ದಾಟಿಯೇ ಬರಬೇಕು. ಪ್ರತಿಯೊಂದಕ್ಕೂ ಎಲ್ಲಿ, ಎಷ್ಟು ಅಗಲದ ತೂತು ಎಂದು ಕಾರ್ಖಾನೆಗೆ ನಕ್ಷೆ ಹೋಗುವ ಮೊದಲೇ ಗೊತ್ತಿರಬೇಕು.

ಆಮೇಲೆ ಕೊರೆದರಾಯಿತು ಎನ್ನುವಂತಿಲ್ಲ. ಇದಕ್ಕೂ ಬೆಂಕಿಯ ಸುರಕ್ಷತೆಗೂ ನೇರ ಸಂಬಂಧ ಇದೆ. ದಪ್ಪ ಮರಕ್ಕೆ ಬೆಂಕಿ ಬಿದ್ದಾಗ ಹೊರಪದರ ಇದ್ದಿಲಾಗುತ್ತದೆ. ಆ ಇದ್ದಿಲೇ ಒಳಗಿನ ಮರವನ್ನು ಶಾಖದಿಂದ ಕಾಯುತ್ತದೆ. ಸ್ಪ್ರೂಸ್, ಪೈನ್‌ನಂಥ ಮೆದು ಮರ ನಿಮಿಷಕ್ಕೆ ಸುಮಾರು 0.65 ಮಿಲಿಮೀಟರ್ ಸುಡುತ್ತದೆ, ಗಂಟೆಗೆ ಹೆಚ್ಚುಕಡಿಮೆ 40 ಮಿಲಿಮೀಟರ್. ಅಷ್ಟು ಸುಟ್ಟ ಮೇಲೂ ಭಾರ ಹೊರುವಷ್ಟು ಮರ ಉಳಿಯಲಿ ಎಂದು ಎಂಜಿನಿಯರ್ ತೊಲೆಯ ದಪ್ಪ ಲೆಕ್ಕ ಹಾಕಿರುತ್ತಾರೆ. ಯಾರನ್ನೂ ಕೇಳದೆ ಅದರಲ್ಲಿ ಒಂದು ದೊಡ್ಡ ತೂತು ಕೊರೆದರೆ ಆ ಲೆಕ್ಕವೇ ತಪ್ಪುತ್ತದೆ. ತೊಲೆಯ ಬಲ ಕಡಿಮೆಯಾಗುತ್ತದೆ, ಬೆಂಕಿಗೆ ಒಳಗೆ ಹೊಸ ದಾರಿ ಸಿಗುತ್ತದೆ.

ಇನ್ನು ಅದುರುವಿಕೆ. ಈ ಮರಗಳ ತೂಕ ಅಷ್ಟೇ ಗಾತ್ರದ ಕಾಂಕ್ರೀಟಿನ ಐದನೇ ಒಂದು ಭಾಗದಷ್ಟು. ಅಡಿಪಾಯಕ್ಕೆ ಇದು ಒಳ್ಳೆಯದೇ. ಆದರೆ ಹಗುರ ನೆಲ ಬೇಗ ಅದುರುತ್ತದೆ, ಸದ್ದನ್ನೂ ಕೆಳಕ್ಕೆ ಬಿಡುತ್ತದೆ. ಲೇತು, ಮಿಲ್ಲಿಂಗ್ ಯಂತ್ರಗಳು ನೆಲಮಹಡಿಯ ಕಾಂಕ್ರೀಟಿನ ಮೇಲೇ ಇರಲಿ. ಕಂಪ್ಯೂಟರು, ಎಲೆಕ್ಟ್ರಾನಿಕ್ಸ್ ಮೇಲೆ ಹೋಗಲಿ, ಅಲ್ಲಿ ಫಲಕದ ಮೇಲೆ ಸದ್ದು ತಡೆಯುವ ಪದರ ಬೇಕು. ಯಾವ ಯಂತ್ರ ಯಾವ ಹೊತ್ತಿಗೆ ಓಡುತ್ತದೆ, ಆಗ ಪಕ್ಕದ ಕೋಣೆಯಲ್ಲಿ ಏನು ನಡೆಯುತ್ತಿರುತ್ತದೆ ಎನ್ನುವುದು ಶಿಕ್ಷಕರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ನೀರಿನ ವಿಷಯವೂ ಹಾಗೆಯೇ. ಮರ ಬಹಳ ದಿನ ಒದ್ದೆಯಾಗಿದ್ದರೆ ಶಿಲೀಂಧ್ರ ಹಿಡಿದು ಕೊಳೆಯುತ್ತದೆ. ಸಿಂಕು ಎಲ್ಲಿ, ಯಂತ್ರವನ್ನು ತಂಪಾಗಿಡುವ ದ್ರವ (ಕೂಲೆಂಟ್) ಎಲ್ಲಿ ಚೆಲ್ಲುತ್ತದೆ ಎಂದು ನಮಗೆ ಗೊತ್ತು.

ಪರಿಸರದ ಲೆಕ್ಕವೂ ಶಿಕ್ಷಕರನ್ನು ಮೊದಲೇ ಕೇಳುವುದರ ಮೇಲೇ ನಿಂತಿದೆ. ಒಣ ಮರದ ತೂಕದಲ್ಲಿ ಅರ್ಧದಷ್ಟು ಇಂಗಾಲ. ಒಂದು ಘನ ಮೀಟರ್ ಮರದಲ್ಲಿ ಸುಮಾರು 900 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮನಾದ ಇಂಗಾಲ ಇರುತ್ತದೆ. ಸಿಮೆಂಟ್ ತಯಾರಿಕೆಯಾದರೋ ಜಗತ್ತಿನಲ್ಲಿ ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಶೇ 7ರಿಂದ 8ರಷ್ಟನ್ನು ಹೊರಬಿಡುತ್ತದೆ. ಕಡಿದ ಕಡೆ ಮತ್ತೆ ಕಾಡು ಬೆಳೆಯಬೇಕು, ಅದಕ್ಕೆ ಕಾಡನ್ನು ಜವಾಬ್ದಾರಿಯಿಂದ ನೋಡಿಕೊಂಡಿದ್ದಾರೆ ಎಂದು ಹೇಳುವ ಎಫ್‌ಎಸ್‌ಸಿ ಅಥವಾ ಪಿಇಎಫ್‌ಸಿ ಪ್ರಮಾಣಪತ್ರ ಕೇಳಬೇಕು. ಅಷ್ಟೇ ಮುಖ್ಯವಾಗಿ, ಕಟ್ಟಡ ಬಹಳ ಕಾಲ ಬಾಳಬೇಕು. ತಂತ್ರಜ್ಞಾನದ ಕೋಣೆಯ ಯಂತ್ರಗಳು ಕೆಲವೇ ವರ್ಷಕ್ಕೆ ಬದಲಾಗುತ್ತವೆ. ಹೊಸ ಯಂತ್ರಕ್ಕೆ ಜಾಗ ಕೊಡಲಾಗದ ಕಟ್ಟಡವನ್ನು ಬೇಗ ಕೆಡವುತ್ತಾರೆ. ಆ ಮರವನ್ನು ಸುಟ್ಟರೆ ಇಂಗಾಲ ಮತ್ತೆ ಗಾಳಿಗೇ ಸೇರುತ್ತದೆ. ಎಷ್ಟು ಒಳ್ಳೆಯ ಕಾಡಿನಿಂದ ಮರ ತಂದರೂ ಆಗ ಏನು ಪ್ರಯೋಜನ?

ಹಾಗಾಗಿ ಇಂಥ ಯೋಜನೆ ಕೈಗೆತ್ತಿಕೊಳ್ಳುವ ಆಡಳಿತ ಮಂಡಳಿಗಳಲ್ಲಿ ನನ್ನ ಕೋರಿಕೆ ಇದು. ವಾಸ್ತುಶಿಲ್ಪಿ ಮೊದಲ ಗೆರೆ ಎಳೆಯುವ ದಿನವೇ ವರ್ಕ್‌ಶಾಪ್ ಶಿಕ್ಷಕರೂ ಪ್ರಯೋಗಾಲಯದ ಸಹಾಯಕರೂ ಆ ಸಭೆಯಲ್ಲಿ ಇರಲಿ. ಈಗಿನ ಯಂತ್ರಗಳ ಪಟ್ಟಿಯ ಜೊತೆಗೆ ಮುಂದೆ ಬರಬಹುದಾದವುಗಳ ಪಟ್ಟಿಯನ್ನೂ ಅವರಿಂದ ಬರೆಸಿಕೊಳ್ಳಿ. ಸದ್ಯಕ್ಕೆ ಮುಚ್ಚಿಟ್ಟು ಮುಂದೆ ಬಳಸಬಹುದಾದ ಕೆಲವು ತೂತುಗಳನ್ನು ಕಾರ್ಖಾನೆಯಲ್ಲೇ ಮಾಡಿಸಿ. ವೈರು, ಕೊಳವೆಗಳು ಕಣ್ಣಿಗೆ ಕಾಣುವಂತೆ ಹೊರಗೇ ಓಡಲಿ, ಆಗ ಬದಲಾಯಿಸುವುದು ಸುಲಭ. ಇದೆಲ್ಲ ಸುಮ್ನೆ ಬಾಯಿಮಾತಿನಲ್ಲಿ ಉಳಿಯದೆ ಟೆಂಡರ್ ಪತ್ರದಲ್ಲೇ ಬರಲಿ.

ಇಂತಿ,
ಒಬ್ಬ ವರ್ಕ್‌ಶಾಪ್ ಶಿಕ್ಷಕ