ಡೆಮೊನ ಡೆಮೊ ಥರಾನೇ ಕೇಳ್ಬೇಕು

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ಪುರವಣಿಲಿ ಪಂಕ್ ಅನ್ನೋ ಒರಟು, ವೇಗದ ರಾಕ್ ಸಂಗೀತದ ಬಗ್ಗೆ ಬಂದ ಬರಹ ಓದ್ದೆ. ಹಳೇ ಬ್ಯಾಂಡ್‌ಗಳ ಡೆಮೊ ಟೇಪನ್ನ, ಅಂದ್ರೆ ಆಲ್ಬಮ್ಮಿಗೆ ಮುಂಚೆ ಹಾಡು ಹೇಗಿದೆ ಅಂತ ನೋಡೋಕೆ ಮಾಡೋ ಕಚ್ಚಾ ರೆಕಾರ್ಡಿಂಗನ್ನ, ಈಗ ರೆಕಾರ್ಡಾಗಿ ಹೊರಗೆ ತಂದು ಮಾರೋದು ಅಭಿಮಾನಿಗಳ ಜೇಬಿಗೆ ಕೈ ಹಾಕೋ ಕೆಲ್ಸ, ಸರಿಯಾಗಿ ನುಡಿಸೋಕೂ ಬರದ ಹುಡುಗ್ರ ಗಲಾಟೆಗೆ ಇಷ್ಟೊಂದು ಮರ್ಯಾದೆ ಯಾಕೆ ಅಂತ ಅದನ್ನ ಬರೆದೋರು ಕೇಳಿದ್ರು. ಗಲಾಟೆ ಅನ್ನೋದಕ್ಕೆ ನನ್ನ ತಕರಾರಿಲ್ಲ, ಗಲಾಟೆ ಹೌದು. ಆದ್ರೆ ಡೆಮೊನ ಸೌಂಡ್ ಚೆನ್ನಾಗಿಲ್ಲ ಅಂತ ಪಕ್ಕಕ್ಕಿಡೋರು ಅದ್ರಲ್ಲಿರೋ ಮುಖ್ಯವಾದ್ದನ್ನೇ ಕೇಳಿಸ್ಕೊಂಡಿಲ್ಲ ಅಂತ ನನಗನ್ಸುತ್ತೆ, ಅದಕ್ಕೇ ಈ ಪತ್ರ.

ಅಮೆರಿಕದ ವಾಷಿಂಗ್ಟನ್ ಡಿ.ಸಿ. ಊರಿನ ಟೀನ್ ಐಡಲ್ಸ್ ಅನ್ನೋ ಪಂಕ್ ಬ್ಯಾಂಡ್ ತಗೊಳಿ. ಹೈಸ್ಕೂಲ್ ವಯಸ್ಸಿನ ನಾಲ್ಕು ಹುಡುಗ್ರು, ಬೇಸ್ ಗಿಟಾರ್ ಹಿಡಿದೋರು ಇಯಾನ್ ಮಕಾಯ್, ಡ್ರಮ್ಸ್ ಜೆಫ್ ನೆಲ್ಸನ್. 1980ರ ಶುರುವಲ್ಲಿ ಅಲ್ಲೇ ಒಂದು ಸ್ಟುಡಿಯೋಗೆ ಹೋಗಿ ಡೆಮೊ ಮಾಡಿದ್ರು. ಇವರು ನುಡಿಸ್ತಿರುವಾಗ ಅಲ್ಲಿದ್ದ ಸೌಂಡ್ ಇಂಜಿನಿಯರ್, ಸ್ಟುಡಿಯೋಗೆ ಬಂದಿದ್ದ ಇನ್ನೊಂದು ಬ್ಯಾಂಡಿನವರು ಎಲ್ಲಾ ಸೇರ್ಕೊಂಡು ಎದುರಿಗೇ ನಕ್ಕಿದ್ರು. ಹದಿನೇಳು ಹದಿನೆಂಟು ವಯಸ್ಸಿನ ಮಕ್ಕಳಿಗೆ ಮೊದಲ್ನೇ ರೆಕಾರ್ಡಿಂಗಲ್ಲಿ ಸಿಕ್ಕಿದ ಸ್ವಾಗತ ಇದು. ಎಷ್ಟೋ ಜನ ಅಲ್ಲೇ ಗಿಟಾರ್ ಇಳಿಸಿ ಮನೆಗೆ ಹೋಗ್ಬಿಡ್ತಾರೆ.

ಇವರು ಹಾಗೆ ಮಾಡ್ಲಿಲ್ಲ. ಬ್ಯಾಂಡ್ ಒಂದು ವರ್ಷದ ಮೇಲೆ ಜಾಸ್ತಿ ಉಳೀಲಿಲ್ಲ ನಿಜ, ಆದ್ರೆ ಶೋಗಳಿಂದ ಬಂದ ದುಡ್ಡನ್ನ ಖರ್ಚೇ ಮಾಡ್ದೆ ಒಟ್ಟಿಗೆ ಇಟ್ಟಿದ್ರು, ಬ್ಯಾಂಡ್ ಮುರಿಯೋ ಹೊತ್ತಿಗೆ ಹತ್ರಹತ್ರ 600 ಡಾಲರ್ ಇತ್ತು, ಅದನ್ನ ನಾಲ್ಕು ಪಾಲು ಮಾಡ್ಕೊಂಡು ಹೋಗೋ ಬದ್ಲು ಒಂದು ರೆಕಾರ್ಡ್ ಮಾಡಿಸೋಣ ಅಂತ ತೀರ್ಮಾನ ಮಾಡಿದ್ರು. ಪಕ್ಕದ ಆರ್ಲಿಂಗ್ಟನ್ ಊರಲ್ಲಿ ಡಾನ್ ಝಿಯೆಂಟಾರಾ ಅನ್ನೋರು ಮನೆಲೇ ಇಟ್ಕೊಂಡಿದ್ದ ಇನ್ನರ್ ಇಯರ್ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದ ಎಂಟು ಹಾಡು, 1000 ಕಾಪಿ. ಕವರ್ ಮಾಡೋದು ಹೇಗೆ ಅಂತ ಗೊತ್ತಿರ್ಲಿಲ್ಲ, ಇನ್ಯಾವುದೋ ರೆಕಾರ್ಡಿನ ಕವರ್ ಬಿಚ್ಚಿ ಅದೇ ಅಳತೆಲಿ ಪ್ರಿಂಟ್ ಹಾಕಿಸಿ, ಕತ್ತರೀಲಿ ಕತ್ತರಿಸಿ, ಮಡಚಿ ಗೋಂದು ಹಚ್ಚಿ ಅಂಟಿಸಿದ್ರು. ಕವರ್ ಮೇಲೆ ದೊಡ್ಡದಾಗಿ ಎಕ್ಸ್ ಬರ್ಕೊಂಡಿರೋ ಎರಡು ಕೈ. ಕುಡಿಯೋ ವಯಸ್ಸಾಗದ ಹುಡುಗ್ರನ್ನ ಕ್ಲಬ್ಬಿನ ಒಳಗೆ ಬಿಡೋಕೆ ಕೈ ಮೇಲೆ ಹಾಕ್ತಿದ್ದ ಗುರುತದು, ಕುಡಿಯಲ್ಲ ಅಂತ ತಾವಾಗೇ ತೀರ್ಮಾನ ಮಾಡ್ಕೊಂಡ ಎಷ್ಟೋ ಹುಡುಗ್ರಿಗೆ ಮುಂದೆ ಅದೇ ಹೆಮ್ಮೆಯ ಗುರುತಾಯ್ತು. ಈ ರೆಕಾರ್ಡಿಗೋಸ್ಕರ ಹುಟ್ಟಿದ ಕಂಪನಿ ಡಿಸ್ಕಾರ್ಡ್, ನಲವತ್ತು ವರ್ಷ ದಾಟಿದ್ರೂ ಯಾವ ದೊಡ್ಡ ಕಂಪನಿಗೂ ಮಾರ್ಕೊಳ್ದೆ ನಿಂತಿದೆ. ಸ್ಟುಡಿಯೋದಲ್ಲಿ ನಗು ತಿಂದ ಆ ಮೊದಲ್ನೇ ಡೆಮೊ ಇದ್ಯಲ್ಲ, ಅದನ್ನ 1996ರಲ್ಲಿ ಅದೇ ಕಂಪನಿ ತನ್ನ 100ನೇ ರೆಕಾರ್ಡಾಗಿ ಹೊರಗೆ ತಂತು. ನೂರನೇದು ಅಂದ್ರೆ ಏನು ಬೇಕಾದ್ರೂ ಹಾಕ್ಬಹುದಿತ್ತು, ಅವರು ಇದನ್ನ ಹಾಕಿದ್ರು. ಇದು ಜೇಬಿಗೆ ಕೈ ಹಾಕೋ ಕೆಲ್ಸ ಅಂತ ನನಗಂತೂ ಅನ್ಸಲ್ಲ.

ಇನ್ನೊಂದು ಉದಾಹರಣೆ ಕೊಡ್ಲೇಬೇಕು. ಅದೇ ಮಕಾಯ್ 1987ರಲ್ಲಿ ಫುಗಾಝಿ ಬ್ಯಾಂಡ್ ಶುರು ಮಾಡಿದ್ರು. ಸೆಪ್ಟೆಂಬರಲ್ಲಿ ಮೊದಲ್ನೇ ಶೋ, 1988ರ ಜನವರಿಲಿ ಅದೇ ಇನ್ನರ್ ಇಯರ್‌ನಲ್ಲಿ ಹನ್ನೊಂದು ಹಾಡಿನ ಡೆಮೊ. ಅದ್ರಲ್ಲಿ ಒಂದು ಹಾಡು ಬಿಟ್ಟು ಉಳಿದದ್ದನ್ನ ಕ್ಯಾಸೆಟ್ ಮಾಡಿ ಶೋಗೆ ಬಂದೋರಿಗೆ ಫ್ರೀಯಾಗಿ ಕೊಟ್ರು, ಕಾಪಿ ಮಾಡಿ ಬೇರೆಯವರಿಗೂ ಕೊಡಿ ಅಂತ ಅವರೇ ಹೇಳಿದ್ರು. ಎರಡು ಡೆಕ್ಕಿನ ಟೇಪ್ ರೆಕಾರ್ಡರ್‌ನಲ್ಲಿ ಕಾಪಿಯಿಂದ ಕಾಪಿ ಮಾಡಿದೋರಿಗೆ ಗೊತ್ತು, ಒಂದೊಂದು ಸಲಕ್ಕೂ ಹಾಡು ಸ್ವಲ್ಪ ಮಸುಕಾಗುತ್ತೆ ಸುಯ್ ಅನ್ನೋ ಸದ್ದು ಏರುತ್ತೆ, ಆದ್ರೂ ಅದನ್ನ ಕೊಟ್ಟ ಸ್ನೇಹಿತನ ಮೇಲಿನ ನಂಬಿಕೆಗೇ ಕೂತು ಪೂರ್ತಿ ಕೇಳ್ತಿದ್ವಿ.

ಆ ಡೆಮೊಲಿದ್ದ ಹಾಡುಗಳ ಕಥೆ ನೋಡಿ. ವೇಟಿಂಗ್ ರೂಮ್ ಅದೇ ವರ್ಷದ ಕೊನೇಲಿ ಬ್ಯಾಂಡಿನ ಮೊದಲ್ನೇ ರೆಕಾರ್ಡಿಗೆ ಬಂತು, ಇನ್ನೊಂದು ಹಾಡು 1990ರಲ್ಲಿ, ಫರ್ನಿಚರ್ ಅನ್ನೋದು 2001ರವರೆಗೂ ಕಾಯ್ತು. ಹದಿಮೂರು ವರ್ಷ ಒಂದು ಹಾಡನ್ನ ಹತ್ರ ಇಟ್ಕೊಂಡು ಸರಿಯಾದ ಸಮಯ ಬಂದಾಗ ಬಿಟ್ಟಿದಾರೆ. 2014ರಲ್ಲಿ ಪೂರ್ತಿ ಡೆಮೊ ಹೊರಗೆ ಬಂದಾಗ ಡೆಮೊ, ಆಮೇಲಿನ ರೆಕಾರ್ಡ್ ಎರಡನ್ನೂ ಪಕ್ಕಪಕ್ಕ ಇಟ್ಟು ಕೇಳೋ ಅವಕಾಶ ಸಿಕ್ತು. ಮುಗಿದ ಆಲ್ಬಮ್ಮಲ್ಲಿ ಯೋಚ್ನೆ ಮಾಡಿದ ಜಾಗ ಕಾಣಲ್ಲ ಸಾರ್, ಡೆಮೊಲಿ ಕಾಣುತ್ತೆ. ಎಲ್ಲಿ ತಡವರಿಸಿದ್ರು, ಯಾವುದನ್ನ ಆಮೇಲೆ ತೆಗೆದುಹಾಕಿದ್ರು, ಇನ್ನೂ ಹೊಸಬರಾಗಿದ್ದ ಇನ್ನೊಬ್ಬ ಹಾಡುಗಾರ ಗೀ ಪಿಚೊಟ್ಟೊಗೆ ಬ್ಯಾಂಡಲ್ಲಿ ಆಗ ಎಷ್ಟು ಜಾಗ ಇತ್ತು, ಎಲ್ಲಾ ಕೇಳಿಸುತ್ತೆ. ಸಂಗೀತ ಕಲೀತಿರೋ ಹುಡುಗರಿಗೆ ಇದಕ್ಕಿಂತ ಒಳ್ಳೇ ಪಾಠ ನನಗೆ ಗೊತ್ತಿಲ್ಲ.

ಮಿಕ್ಸಿಂಗ್ ಚೆನ್ನಾಗಿಲ್ಲ, ಹಾಡೋರ ಮಾತು ಕೇಳ್ಸಲ್ಲ ಅಂತ ಬರೆಯೋದು ತಪ್ಪಲ್ಲ, ಅದು ಇದ್ದಿದ್ದೇ. ಆದ್ರೆ ಸಿನಿಮಾ ಹಾಡಿಗೆ ಲಕ್ಷಗಟ್ಟಲೆ ಸುರಿದು ಮಾಡೋ ಸೌಂಡನ್ನ ಅಳತೆಗೋಲು ಮಾಡ್ಕೊಂಡು, ಸ್ವಂತ ಪಾಕೆಟ್ ಮನಿಲಿ ಅರ್ಧ ದಿನ ಸ್ಟುಡಿಯೋ ಹಿಡಿದ ಮಕ್ಕಳ ಡೆಮೊ ಅಳೆದ್ರೆ ಅದು ಅನ್ಯಾಯ. ಹಾಡಲ್ಲಿ ಏನು ಹೇಳ್ತಿದಾರೆ, ಬೇರೆಯವರ ನಕಲಾ ಸ್ವಂತದ್ದಾ, ಇವರನ್ನ ಎದುರಿಗೆ ನಿಂತು ಕೇಳ್ಬೇಕು ಅನ್ಸುತ್ತಾ, ಇಷ್ಟು ಬರೆದ್ರೆ ಸಾಕು.

ನಿಮ್ಮ ಪುರವಣಿಲಿ ಸಿನಿಮಾ ಆಡಿಯೋ ಬಿಡುಗಡೆಗೆ ಪ್ರತಿ ವಾರ ಇಡೀ ಪುಟ ಇರುತ್ತೆ. ಅದ್ರಲ್ಲಿ ತಿಂಗಳಿಗೊಂದ್ಸಲ ಅರ್ಧ ಕಾಲಂ ಬಿಟ್ಟುಕೊಟ್ಟು, ನಮ್ಮ ಊರುಗಳಲ್ಲಿ ಸ್ವಂತ ಖರ್ಚಲ್ಲಿ ರೆಕಾರ್ಡ್ ಮಾಡೋ ಹುಡುಗ ಹುಡುಗಿಯರ ಡೆಮೊ ಕೇಳಿ ಬರೆಸಿ. ಹೊಗಳ್ಬೇಕಿಲ್ಲ, ಬೈದ್ರೂ ಸರಿ, ಬರೆಯೋರು ಪೂರ್ತಿ ಕೇಳಿರ್ಬೇಕು ಅಷ್ಟೆ. ಎಲ್ಲಿ ಸಿಗುತ್ತೆ ಅಂತ ಕೊನೇಲಿ ಒಂದು ಸಾಲು ಹಾಕಿದ್ರೆ ನಾವೂ ಹುಡುಕಿ ಕೇಳ್ತೀವಿ.

ಇತಿ,
ನಿಮ್ಮ ಓದುಗ
ಮೈಸೂರು