ಅಗಲಿದ ಅಯ್ಯನವರ ನೆನಪಿನಲ್ಲಿ ಮಕ್ಕಳ ವಿದ್ಯಾನಿಧಿ: ದೇಣಿಗೆಗಾಗಿ ಮನವಿ

ಕ್ರಿಸ್ತನಲ್ಲಿ ಪ್ರಿಯರಾದ ಸಭಿಕರಿಗೆ, ಅಯ್ಯನವರನ್ನು ಬಲ್ಲ ಎಲ್ಲ ಮತದ ಸ್ನೇಹಿತರಿಗೆ ಮತ್ತು ಅವರ ಮನೆಯ ಜಗಲಿಯಲ್ಲಿ ಕುಳಿತು ಓದಿ ಮುಂದೆ ಬಂದ ಹಳೆಯ ವಿದ್ಯಾರ್ಥಿಗಳಿಗೆ ಸ್ಮರಣಾ ಸಮಿತಿಯ ವಂದನೆಗಳು.

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ನಮ್ಮ ಸಭೆಯನ್ನೂ ಸುತ್ತಲಿನ ಹಳ್ಳಿಗಳ ಚಿಕ್ಕ ಸಭೆಗಳನ್ನೂ ಬಹುಕಾಲ ಪಾಲಿಸಿ, ನಿವೃತ್ತಿಯ ನಂತರ ಮೈಸೂರಿನಲ್ಲಿ ನೆಲೆಸಿದ್ದ ನಮ್ಮ ಪ್ರೀತಿಯ ಸಭಾಪಾಲಕ ಅಯ್ಯನವರು ಕಳೆದ ಮಳೆಗಾಲದಲ್ಲಿ ಕರ್ತನಲ್ಲಿ ನಿದ್ರೆಹೋದ ಸಂಗತಿ ತಮಗೆಲ್ಲ ತಿಳಿದಿದೆ. ಈ ಪತ್ರದಲ್ಲಿ ಅವರ ಹೆಸರನ್ನು ಬರೆದಿಲ್ಲ. ದೇವಾಲಯದ ಗೋಡೆಯಲ್ಲಿ ತಮ್ಮ ಹೆಸರಿನ ಕಲ್ಲು ಕೂರಿಸಬಾರದು, ಯಾವ ನಿಧಿಗೂ ತಮ್ಮ ಹೆಸರಿಡಬಾರದು ಎಂದು ಅವರು ಬದುಕಿದ್ದಾಗಲೇ ತಮ್ಮ ಪತ್ನಿ ಅಮ್ಮನವರಿಗೆ ಹೇಳಿದ್ದರು. ಅಮ್ಮನವರ ಕೋರಿಕೆಯಂತೆ ಆ ಮಾತನ್ನು ನಾವು ನಡೆಸುತ್ತಿದ್ದೇವೆ. ಪತ್ರ ಯಾರ ಕೈಸೇರುತ್ತದೆಯೋ ಅವರಿಗೆ ಅಯ್ಯನವರು ಯಾರೆಂದು ಹೇಳಬೇಕಾಗಿಯೂ ಇಲ್ಲ.

ಕಲ್ಲು ಬೇಡವೆಂದವರು ಒಂದು ಕೆಲಸವನ್ನು ಮಾತ್ರ ನಿಲ್ಲಿಸಬೇಡಿ ಎಂದಿದ್ದರು. ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಅಲ್ಲಿಗೇ ಓದು ಬಿಡದಂತೆ ನೋಡಿಕೊಳ್ಳುವ ಕೆಲಸ ಅದು. ಸರ್ಕಾರಿ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಪಠ್ಯಪುಸ್ತಕ ಉಚಿತವಾಗಿ ಸಿಗುತ್ತದೆ, ಮಧ್ಯಾಹ್ನದ ಬಿಸಿಯೂಟ ಇರುತ್ತದೆ, ಶಾಲೆಯೂ ಸಾಮಾನ್ಯವಾಗಿ ಊರಿಗೆ ಹತ್ತಿರದಲ್ಲಿರುತ್ತದೆ. ಪಿಯುಸಿಗೆ ಬಂದ ಕೂಡಲೇ ಪುಸ್ತಕವನ್ನು ಹಣ ಕೊಟ್ಟು ಕೊಳ್ಳಬೇಕು, ಮಧ್ಯಾಹ್ನದ ಊಟಕ್ಕೆ ದಾರಿ ನೋಡಿಕೊಳ್ಳಬೇಕು, ಕಾಲೇಜಿಗಾಗಿ ತಾಲ್ಲೂಕು ಕೇಂದ್ರಕ್ಕೋ ಮೈಸೂರಿಗೋ ಹೋಗಿಬರಬೇಕು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿರುವುದು ದೊಡ್ಡ ನೆರವು. ಗಂಡುಮಕ್ಕಳು ಪಾಸಿಗೆ ಹಣ ಕಟ್ಟಲೇಬೇಕು. ಇವೆಲ್ಲ ಖರ್ಚುಗಳೂ ಮೇ, ಜೂನ್ ತಿಂಗಳಲ್ಲಿ ಒಟ್ಟಿಗೇ ಬರುತ್ತವೆ. ಮುಂಗಾರಿನ ಬೇಸಾಯಕ್ಕೆ ಬೀಜ ಗೊಬ್ಬರ ತರಬೇಕಾದ, ಹಿಂದೆ ಕಡಿದ ಕಬ್ಬಿನ ಹಣವೇ ಕೈಸೇರಿರದ ಮನೆಗಳಲ್ಲಿ ಆಗ ಮೊದಲು ನಿಲ್ಲುವುದು ಮಕ್ಕಳ ಓದು. ಹುಡುಗ ಗ್ಯಾರೇಜಿಗೋ ಆಲೆಮನೆಗೋ ಸೇರುತ್ತಾನೆ, ಹುಡುಗಿಯ ಮದುವೆಯ ಮಾತು ಶುರುವಾಗುತ್ತದೆ.

ಅಯ್ಯನವರು ಇದನ್ನು ಪ್ರಸಂಗ ಪೀಠದಿಂದ ಕಂಡವರಲ್ಲ, ಮನೆಮನೆಗೆ ಹೋಗಿ ಕಂಡವರು. ಫಲಿತಾಂಶ ಬಂದ ವಾರವೇ ಅವರ ಲೂನಾ ಮೊಪೆಡ್ ಹಳ್ಳಿಯಿಂದ ಹಳ್ಳಿಗೆ ಹೊರಡುತ್ತಿತ್ತು. ಅವರು ಮೊದಲು ಹುಡುಕುತ್ತಿದ್ದುದು ಹೆಚ್ಚು ಅಂಕ ಬಂದ ಮಕ್ಕಳನ್ನಲ್ಲ. ಮೊದಲ ದರ್ಜೆಯವರಿಗೆ ಹಾರ ಹಾಕಲು, ಬಹುಮಾನ ಕೊಡಲು ಊರೇ ಮುಂದೆ ಬರುತ್ತದೆಂದೂ, ಹಾಗೂ ಹೀಗೂ ಪಾಸಾಗಿ, ಮುಂದೇನೆಂದು ಕೇಳುವವರೇ ಇಲ್ಲದೆ ಕುಳಿತಿರುವ ಮಗುವನ್ನು ಸಭೆ ಮೊದಲು ಹೋಗಿ ನೋಡಬೇಕೆಂದೂ ಅವರು ಸಭಾ ಸಮಿತಿಯಲ್ಲಿ ಎಷ್ಟೋ ಸಲ ವಾದಿಸಿದ್ದರು. ಮದುವೆ, ದೀಕ್ಷಾಸ್ನಾನಗಳಲ್ಲಿ ತಮ್ಮ ಕೈಗೆ ಬಂದ ಕಾಣಿಕೆಯನ್ನು ಅಮ್ಮನವರ ಬಳಿ ಬೇರೆಯಾಗಿ ಇಡಿಸಿ ಈ ಮಕ್ಕಳ ದಾಖಲಾತಿಗೆ ಕೊಡುತ್ತಿದ್ದರು. ಸಾಲದಾದಾಗ ಸುಗ್ಗಿ ಹಬ್ಬದ ಹರಾಜಿನಲ್ಲಿ ಕುಂಬಳಕಾಯಿಯನ್ನೂ ನಾಟಿ ಕೋಳಿಯನ್ನೂ ಎತ್ತಿ ಹಿಡಿದು, ಬೆಲೆ ಏರುವವರೆಗೆ ಇಳಿಸುತ್ತಿರಲಿಲ್ಲ. ಇಡೀ ಖರ್ಚನ್ನು ತಾವೇ ಕೊಟ್ಟದ್ದಂತೂ ಕಡಿಮೆ. ಅಪ್ಪ ಅಮ್ಮ ಎಷ್ಟು ಚಿಕ್ಕ ಪಾಲನ್ನಾದರೂ ಹಾಕಲಿ, ಮಗುವನ್ನು ಓದಿಸಿದವರು ನಾವೇ ಎಂಬ ಗೌರವ ಆ ಮನೆಯಲ್ಲಿ ಉಳಿಯಲಿ ಎಂಬುದು ಅವರ ನಿಲುವಾಗಿತ್ತು. ಈ ನಿಲುವು ಸರಿಯೆಂದು ನಮ್ಮ ಸಮಿತಿಯೂ ನಂಬಿದೆ, ನಿಧಿಯನ್ನೂ ಹಾಗೆಯೇ ನಡೆಸುತ್ತದೆ.

ಈ ಕಾಳಜಿ ಅವರೊಬ್ಬರಲ್ಲೇ ಹುಟ್ಟಿದ್ದಲ್ಲವೆಂದು ಅವರೇ ಯೌವನಸ್ಥರ ಕೂಟಗಳಲ್ಲಿ ಹೇಳುತ್ತಿದ್ದರು. ಮೈಸೂರು ಸೀಮೆಯ ನಮ್ಮ ಹಿರಿಯರಲ್ಲಿ ಬಹಳ ಮಂದಿ ಸಭೆಗೆ ಬಂದದ್ದು ವೆಸ್ಲಿಯನ್ ಮಿಷನ್ನಿನ ಶಾಲೆ ಮತ್ತು ಆಸ್ಪತ್ರೆಗಳ ಮೂಲಕ. 1887ರಲ್ಲಿ ಮೈಸೂರಿನಿಂದ ಹೊರಡತೊಡಗಿದ ವೃತ್ತಾಂತ ಪತ್ರಿಕೆ, ಹಾರ್ಡ್‌ವಿಕ್ ಶಾಲೆ, 1906ರಲ್ಲಿ ಹೆಂಗಸರಿಗೂ ಮಕ್ಕಳಿಗೂ ಎಂದು ಬಾಗಿಲು ತೆರೆದು ಇಂದಿಗೂ ಊರವರ ಬಾಯಲ್ಲಿ ಮಿಷನ್ ಆಸ್ಪತ್ರೆಯಾಗಿಯೇ ಉಳಿದಿರುವ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ಇವುಗಳನ್ನು ಹೆಸರಿಸಿ, 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ (ಸಿಎಸ್‌ಐ) ಒಂದುಗೂಡಿದಾಗ ನಮಗೆ ಬಂದ ಆಸ್ತಿಯೆಂದರೆ ಕಟ್ಟಡಗಳಿಗಿಂತ ಹೆಚ್ಚಾಗಿ ಅಕ್ಷರದ ಋಣವೆಂದು ಅವರು ಹೇಳಿದ್ದನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಮಂಗಳೂರಿನಲ್ಲಿ ದೇವಶಾಸ್ತ್ರ ಓದುವಾಗ ಕೊಂಡ ಕಿಟ್ಟೆಲ್ಲರ ನಿಘಂಟಿನ ಮರುಮುದ್ರಣ ಕೊನೆಯವರೆಗೂ ಅವರ ಮೇಜಿನ ಮೇಲಿತ್ತು. ಪ್ರಸಂಗಕ್ಕೆ ಸಿದ್ಧವಾಗುವಾಗ ಅದನ್ನು ತಿರುವಿಹಾಕಿ, ಪೀಠಕ್ಕೆ ಬಂದಾಗ ಅಪ್ಪಟ ಮಂಡ್ಯದ ಮಾತಿನಲ್ಲಿ ಹೇಳುತ್ತಿದ್ದರು.

ಅಯ್ಯನವರ ಮನೆಯ ವಿಷಯ ಬರೆಯದಿದ್ದರೆ ಈ ಸ್ಮರಣೆ ಅರ್ಧವಾಗುತ್ತದೆ. ಊರಿನ ಸೇವೆಯಲ್ಲಿ ಮನೆಯನ್ನು ಮರೆತವರನ್ನು ನಾವು ಸಾಕಷ್ಟು ಕಂಡಿದ್ದೇವೆ. ಅವರು ಆ ಸಾಲಿಗೆ ಸೇರಿದವರಲ್ಲ. ಭಾನುವಾರದ ಆರಾಧನೆ, ಹಳ್ಳಿಗಳ ಭೇಟಿ ಮುಗಿದ ಮೇಲೆ ಬರುವ ಸೋಮವಾರ ಅವರ ಹೆಂಡತಿ ಮಕ್ಕಳ ದಿನವಾಗಿತ್ತು. ಶಾಲಾ ಶಿಕ್ಷಕಿಯಾಗಿದ್ದ ಅಮ್ಮನವರು ಸಂಜೆ ಮನೆಗೆ ಬರುವಷ್ಟರಲ್ಲಿ ಅಯ್ಯನವರೇ ಒಲೆಯ ಮುಂದೆ ನಿಂತು ಬಸ್ಸಾರು ಮಾಡಿ ಮುದ್ದೆ ತಿರುವಿರುತ್ತಿದ್ದರು. ಸಾವೋ ಕಾಯಿಲೆಯೋ ಇದ್ದರೆ ಹೊರತು ಸೋಮವಾರ ಸಂಜೆ ಯಾವ ಕಡತವನ್ನೂ ಅವರ ಮನೆಗೆ ಒಯ್ಯಬಾರದೆಂಬುದನ್ನು ಸಭಾ ಸಮಿತಿಯವರು ಬೇಗನೆ ಕಲಿತರು. ಮಾರ್ಚ್ ತಿಂಗಳಲ್ಲಿ ಹತ್ತನೇ ತರಗತಿಯ ಮಕ್ಕಳು ಜಗಲಿಯಲ್ಲಿ ಓದುವಾಗ ಅಮ್ಮನವರು ಗಣಿತ ಹೇಳಿಕೊಟ್ಟರೆ, ಅವರ ಹಿರಿಯ ಮಗಳು ಇಂಗ್ಲಿಷ್ ಓದಿಸುತ್ತಿದ್ದಳು. ವರ್ಗಾವಣೆಯಾದಲ್ಲೆಲ್ಲ ಶಾಲೆ ಬದಲಾಯಿಸಿದ ಆ ಮಕ್ಕಳು ತಂದೆಯನ್ನು ಊರಿನೊಂದಿಗೆ ಹಂಚಿಕೊಂಡರೂ ಕಳೆದುಕೊಳ್ಳಲಿಲ್ಲವೆಂದು ಸ್ಮರಣಾರಾಧನೆಯ ದಿನ ಕಿರಿಯ ಮಗಳು ಹೇಳಿದಾಗ, ಅಯ್ಯನವರ ಸೇವೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲವೆಂದು ನಮಗನ್ನಿಸಿತು. ಅವರು ಕೊಟ್ಟದ್ದೆಲ್ಲ ಆ ಕುಟುಂಬ ಒಟ್ಟಾಗಿ ಕೊಟ್ಟದ್ದು. ನಿವೃತ್ತಿಯ ನಂತರ ಮಿಷನ್ ಆಸ್ಪತ್ರೆಯ ವಾರ್ಡುಗಳಲ್ಲಿ ಮಂಡ್ಯ, ಮಳವಳ್ಳಿ, ಬನ್ನೂರು ಕಡೆಯಿಂದ ಬಂದ ರೋಗಿಗಳ ಪಕ್ಕದಲ್ಲಿ ಕುಳಿತು ಪ್ರಾರ್ಥಿಸುತ್ತಿದ್ದಾಗಲೂ ಬುತ್ತಿ ಕಟ್ಟಿಕೊಟ್ಟವರು ಅಮ್ಮನವರೇ.

ಈಗ ನಿಧಿಯ ವಿವರ. ಸಮಿತಿಯು 12 ಲಕ್ಷ ರೂಪಾಯಿಗಳ ಮೂಲಧನವನ್ನು ಕೂಡಿಸಿ, ರಾಷ್ಟ್ರೀಕೃತ ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿಯಾಗಿಟ್ಟು, ಬಡ್ಡಿಯನ್ನಷ್ಟೇ ಬಳಸಲು ನಿರ್ಧರಿಸಿದೆ. ಬಡ್ಡಿ ಏರಿಳಿಯುವುದರಿಂದ ವರ್ಷಕ್ಕೆ ಶೇಕಡ 6 ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದ್ದೇವೆ. ಅದರಂತೆ ಬರುವ 72,000 ರೂಪಾಯಿಯಲ್ಲಿ 12 ಮಕ್ಕಳಿಗೆ ತಲಾ 6,000 ರೂಪಾಯಿ ಕೊಡಬಹುದು. ಪಿಯುಸಿ, ಐಟಿಐ, ಡಿಪ್ಲೊಮಾ, ನರ್ಸಿಂಗ್ ತರಬೇತಿ ಯಾವುದಕ್ಕೆ ಸೇರಿದರೂ ಸರಿಯೇ. ಹಣವನ್ನು ದಾಖಲಾತಿಯ ಸಮಯದಲ್ಲೇ ಕೊಡಲಾಗುವುದು, ಏಕೆಂದರೆ ಡಿಸೆಂಬರಿನಲ್ಲಿ ವೇದಿಕೆ ಕಟ್ಟಿ ಕೊಡುವ ಚೆಕ್ಕು ಜೂನ್‌ನಲ್ಲಿ ಓದು ಬಿಟ್ಟ ಮಗುವಿನ ಕೈಗೆ ಸಿಗುವುದಿಲ್ಲ. ಅಂಕದ ಮಿತಿ ಇರುವುದಿಲ್ಲ. ಜಾತಿ ಮತಗಳನ್ನು ಕೇಳುವುದಿಲ್ಲ. ಅಯ್ಯನವರ ಜಗಲಿಯಲ್ಲಿ ಓದಿದವರಲ್ಲಿ ನಮ್ಮ ಸಭೆಯ ಮಕ್ಕಳಿಗಿಂತ ಊರಿನ ಇತರ ಮಕ್ಕಳೇ ಹೆಚ್ಚಾಗಿದ್ದರು. ಸಹಾಯ ಪಡೆದವರ ಫೋಟೊ ತೆಗೆದು ಹಂಚುವುದಿಲ್ಲ, ಪಟ್ಟಿಯನ್ನು ಸೂಚನಾ ಫಲಕಕ್ಕೆ ಹಾಕುವುದೂ ಇಲ್ಲ. ಮಕ್ಕಳನ್ನು ಗುರುತಿಸುವ ಹೊಣೆಯನ್ನು ಸ್ತ್ರೀಯರ ಕೂಟದ ಇಬ್ಬರಿಗೆ, ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರಿಗೆ ಮತ್ತು ಈಗಿನ ಸಭಾಪಾಲಕರಿಗೆ ವಹಿಸಲಾಗಿದೆ. ತಂದೆಯ ನಿಧಿಯ ಹಣಕಾಸಿನಲ್ಲಿ ತಾವು ಇರುವುದು ಬೇಡವೆಂದು ಅಯ್ಯನವರ ಮಕ್ಕಳೇ ಸಮಿತಿಯಿಂದ ದೂರ ಉಳಿದಿದ್ದಾರೆ.

ಹಣ ಕೊಡುವ ಮುನ್ನ ಕೆಲವು ಸಂಗತಿಗಳನ್ನು ತಾವು ತಿಳಿದಿರಬೇಕು. ನಿಧಿಗೆ ಆದಾಯ ತೆರಿಗೆಯ 80ಜಿ ಅನುಮತಿ ಇನ್ನೂ ಬಂದಿಲ್ಲ, ಆದ್ದರಿಂದ ಈಗ ಕೊಡುವ ದೇಣಿಗೆಗೆ ತೆರಿಗೆ ರಿಯಾಯಿತಿ ಸಿಗುವುದಿಲ್ಲ. ಗಲ್ಫ್ ಮೊದಲಾದ ದೇಶಗಳಲ್ಲಿ ದುಡಿಯುತ್ತಿರುವ, ಭಾರತದ ಪಾಸ್‌ಪೋರ್ಟನ್ನೇ ಹೊಂದಿರುವ ನಮ್ಮವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸುವ ಹಣವನ್ನು ಕಾನೂನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣ ಮಾತ್ರ 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ವ್ಯಾಪ್ತಿಗೆ ಬರುವುದರಿಂದ, ಅದರ ನೋಂದಣಿಯಿಲ್ಲದ ನಾವು ಆ ಹಣವನ್ನು ತೆಗೆದುಕೊಳ್ಳುವಂತಿಲ್ಲ. ಅಯ್ಯನವರ ಮೇಲಿನ ಪ್ರೀತಿಯಿಂದ ಕೊಡಬಯಸುವ ಅಂಥ ಸ್ನೇಹಿತರು ನಮ್ಮನ್ನು ಮನ್ನಿಸಬೇಕು.

ಮೊತ್ತ ಇಷ್ಟೇ ಇರಬೇಕೆಂದು ನಾವು ಹೇಳುವುದಿಲ್ಲ. ಒಂದು ಮಗುವಿನ ವರ್ಷದ ನೆರವಿಗೆ ಸಮನಾದ 6,000 ರೂಪಾಯಿ ಕೊಟ್ಟರೆ ಬಹಳ ಸಂತೋಷ. ತಿಂಗಳಿಗೆ 100 ರೂಪಾಯಿಯಂತೆ ಕಾಣಿಕೆ ಲಕೋಟೆಯಲ್ಲಿ ಹಾಕುವವರ ಹಣವೂ ಅದೇ ಠೇವಣಿಗೆ ಸೇರುತ್ತದೆ. ಬತ್ತ, ರಾಗಿ, ತೆಂಗಿನಕಾಯಿ ಕೊಡುವವರಿದ್ದರೆ ಈ ಸಾಲಿನ ಸುಗ್ಗಿ ಹಬ್ಬದ ಹರಾಜಿಗೆ ತಂದುಕೊಡಬಹುದು, ಅದರ ಪೂರ್ತಿ ಹುಟ್ಟುವಳಿಯನ್ನು ಸಭಾ ಸಮಿತಿ ಈ ನಿಧಿಗೆ ಬಿಟ್ಟುಕೊಟ್ಟಿದೆ. ಅಯ್ಯನವರಿಂದ ನೆರವು ಪಡೆದು ಇಂದು ನೌಕರಿಯಲ್ಲಿರುವವರಿಗೆ ಒಂದು ವಿಶೇಷ ಕೋರಿಕೆ. ಹಣದ ಜೊತೆಗೆ, ತಮ್ಮ ಊರಿನಲ್ಲಿ ಈ ವರ್ಷ ಹತ್ತನೇ ತರಗತಿ ಮುಗಿಸಲಿರುವ, ಮುಂದೆ ಓದುವುದು ಅನುಮಾನವಾಗಿರುವ ಒಂದು ಮಗುವಿನ ವಿಷಯವನ್ನು ನಮಗೆ ತಿಳಿಸಬೇಕು. ಲೂನಾದಲ್ಲಿ ತಿರುಗಿ ಅಯ್ಯನವರು ತಿಳಿಯುತ್ತಿದ್ದುದನ್ನು ಈಗ ನಿಮ್ಮಿಂದಲೇ ನಾವು ತಿಳಿಯಬೇಕಾಗಿದೆ.

ದೇಣಿಗೆಯನ್ನು ಭಾನುವಾರದ ಆರಾಧನೆಯ ನಂತರ ಸಭಾ ಕಚೇರಿಯಲ್ಲಿ ಖಜಾಂಚಿಯವರ ಕೈಗೆ ಚೆಕ್ ಅಥವಾ ನಗದಾಗಿ ಕೊಟ್ಟು, ಮುದ್ರಿತ ರಸೀದಿಯನ್ನು ತಪ್ಪದೆ ಪಡೆಯಬೇಕಾಗಿ ಕೋರುತ್ತೇವೆ. ಬ್ಯಾಂಕ್ ಖಾತೆಯ ವಿವರ ಬೇಕಾದವರು ಅಲ್ಲಿಯೇ ಪಡೆಯಬಹುದು. ಬಂದ ಹಣದ ಮತ್ತು ಕೊಟ್ಟ ನೆರವಿನ ಲೆಕ್ಕವನ್ನು ಪ್ರತಿ ವರ್ಷ ಸಭೆಯ ಸರ್ವಸದಸ್ಯರ ಕೂಟದಲ್ಲಿ ಓದಲಾಗುವುದು.

ಇತಿ ತಮ್ಮ ವಿಶ್ವಾಸಿಗಳು,
ಕಾರ್ಯದರ್ಶಿ ಮತ್ತು ಸದಸ್ಯರು,
ಸ್ಮರಣಾ ಸಮಿತಿ